ನೋವಿಗಿಂತ ಮೊದಲು ಬರುವ ಮುನಿಸು

ಮೈಗ್ರೇನ್ ಇದೆ ಎಂದು ತಿಳಿದವರು ಸಾಮಾನ್ಯವಾಗಿ ಕೇಳುವುದು ನೋವಿನ ಬಗ್ಗೆ. ಯಾವ ಕಡೆ ಸಿಡಿಯುತ್ತದೆ, ಎಷ್ಟು ಹೊತ್ತು ಇರುತ್ತದೆ, ವಾಂತಿಯಾಗುತ್ತದೆಯೇ, ಬೆಳಕು ಕಂಡರೆ ಆಗುವುದಿಲ್ಲವೇ ಎಂಬ ಪ್ರಶ್ನೆಗಳಿಗೆಲ್ಲ ನನ್ನಲ್ಲಿ ಸಿದ್ಧ ಉತ್ತರಗಳಿವೆ. ಹೇಳಿ ಹೇಳಿ ಅವು ಬಾಯಿಪಾಠವಾಗಿಹೋಗಿವೆ. ಯಾರೂ ಕೇಳದ, ನಾನಾಗಿ ಹೇಳಿಕೊಳ್ಳಲು ಹಿಂಜರಿಯುವ ಸಂಗತಿ ಬೇರೆಯಿದೆ. ತಲೆನೋವು ಬರುವ ಹಿಂದಿನ ದಿನ ನನಗೆ ಯಾರೂ ಸರಿ ಕಾಣುವುದಿಲ್ಲ. ವಾರವಿಡೀ ಸಹಿಸಿಕೊಂಡಿದ್ದ ಒಬ್ಬರ ಮಾತಿನ ಧಾಟಿ ಆ ದಿನ ಚುಚ್ಚುಮಾತಾಗಿ ಕೇಳಿಸುತ್ತದೆ, ಎರಡು ಸಾಲಿನ ಸಾಧಾರಣ ಸಂದೇಶವೊಂದರಲ್ಲಿ ನನ್ನನ್ನು ದೂರವಿಡುವ ಇರಾದೆ ಕಾಣಿಸುತ್ತದೆ, ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ ವ್ಯರ್ಥವೆನಿಸುತ್ತದೆ. ಆಗ ತಲೆ ಚೂರೂ ನೋಯುತ್ತಿರುವುದಿಲ್ಲ. ನೋವಿನಿಂದ ಕಿರಿಕಿರಿಯಾಗುವುದು ಯಾರಿಗಾದರೂ ಅರ್ಥವಾಗುವ ಮಾತು. ನೋವೇ ಇಲ್ಲದಿರುವಾಗ, ಆರೋಗ್ಯ ಸರಿಯಿದೆ ಎಂದು ನಾನೇ ಆಣೆ ಮಾಡಿ ಹೇಳಬಲ್ಲ ಹೊತ್ತಿನಲ್ಲಿ, ನನ್ನ ಅಭಿಪ್ರಾಯಗಳು ಹೀಗೆ ಮಗುಚಿ ಬೀಳುವುದನ್ನು ಯಾರಿಗೆ, ಹೇಗೆ ವಿವರಿಸುವುದು?

ಮರುದಿನ ಬೆಳಗ್ಗೆ ಎಡಗಣ್ಣಿನ ಹಿಂದೆ ಸಿಡಿತ ಶುರುವಾದಾಗ, ಓಹೋ, ನಿನ್ನೆಯದೆಲ್ಲ ಇದಕ್ಕೇ ಎಂಬ ವಿಚಿತ್ರ ಸಮಾಧಾನವೊಂದು ಆಗುತ್ತದೆ. ಆ ಸಮಾಧಾನದ ಬೆನ್ನಿಗೇ ಒಂದು ಅನುಮಾನವೂ ಬರುತ್ತದೆ. ಹಾಗಿದ್ದರೆ ಯಾವ ಬೇಸರ ನನ್ನದು, ಯಾವುದು ಕಾಯಿಲೆಯದು? ಸಿಟ್ಟು ಬಂದಾಗಲೆಲ್ಲ ಕುತ್ತಿಗೆ ಬಿಗಿದಿದೆಯೇ ಎಂದು ಮುಟ್ಟಿ ನೋಡಿಕೊಂಡ ಮೇಲೆಯೇ ಆ ಸಿಟ್ಟನ್ನು ನಂಬಬೇಕೇ? ಮಾತ್ರೆ ನುಂಗಿ ಕತ್ತಲೆಯ ಕೋಣೆಯಲ್ಲಿ ಮಲಗಿದರೆ ನೋವು ಒಂದಲ್ಲ ಒಂದು ಹೊತ್ತಿಗೆ ಇಳಿಯುತ್ತದೆ. ಈ ಪ್ರಶ್ನೆ ಮಾತ್ರ ನೋವಿಲ್ಲದ ದಿನಗಳಲ್ಲೂ ಬಿಡದೆ ಕಾಡಿದೆ.

ಹಿಂದಿನ ದಿನ ನಡೆಯುವುದು

ಮೈಗ್ರೇನ್ ಬಂದು ಹೋಗುವ ಹಂತಗಳನ್ನು ವೈದ್ಯರು ನಾಲ್ಕಾಗಿ ಹೇಳುತ್ತಾರೆ: ಮುನ್ಸೂಚನೆಯ ಹಂತ, ಕೆಲವರಿಗೆ ಮಾತ್ರ ಬರುವ ಆರಾ (ಕಣ್ಣ ಮುಂದೆ ಮಿನುಗು ಕಾಣುವುದು, ಮಾತು ತಡವರಿಸುವುದು ಮುಂತಾದ ತಾತ್ಕಾಲಿಕ ಲಕ್ಷಣಗಳು), ಔಷಧಿ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆಗಳವರೆಗೆ ಇರಬಹುದಾದ ನೋವು, ಆಮೇಲಿನ ಬಳಲಿಕೆ. ಎಲ್ಲರಿಗೂ ಎಲ್ಲ ಸಲವೂ ಎಲ್ಲ ಹಂತಗಳೂ ಬರುವುದಿಲ್ಲ. ಇವುಗಳಲ್ಲಿ ಮೊದಲನೆಯದಕ್ಕೆ ಸಿಕ್ಕಿರುವ ಗಮನ ಬಹಳ ಕಡಿಮೆ, ಬಹುಶಃ ಅದು ನೋಯದಿರುವ ಕಾರಣಕ್ಕೆ. ಪದೇ ಪದೇ ಆಕಳಿಕೆ, ಕುತ್ತಿಗೆಯ ಬಿಗಿತ, ಬಾಯಾರಿಕೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ಸಿಹಿಯ ಮೇಲೆ ಇದ್ದಕ್ಕಿದ್ದಂತೆ ಆಸೆ, ಕಾರಣವಿಲ್ಲದ ಸಿಡುಕು ಅಥವಾ ಕಾರಣವಿಲ್ಲದ ದುಃಖ, ಕೆಲವರಿಗೆ ಇದಕ್ಕೆ ತದ್ವಿರುದ್ಧವಾಗಿ ಅತಿಯಾದ ಹುರುಪು. ಇವೆಲ್ಲ ಕೆಲವು ಗಂಟೆಗಳಿಂದ ಹಿಡಿದು ಎರಡು ದಿನಗಳಷ್ಟು ಮುಂಚೆ ಕಾಣಿಸಿಕೊಳ್ಳಬಹುದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಇಂಥ ಮುನ್ಸೂಚನೆಗಳು ಸಿಗುತ್ತವೆ ಎಂದ 97 ಜನರ ಕೈಗೆ ಎಲೆಕ್ಟ್ರಾನಿಕ್ ಡೈರಿಗಳನ್ನು ಕೊಟ್ಟು, ತಲೆನೋವು ಬರಲಿದೆ ಎನಿಸಿದಾಗಲೆಲ್ಲ ದಾಖಲಿಸಲು ಹೇಳಿದರು. ನೋವು ಬಂದ ಮೇಲೆ ನೆನಪಿಸಿಕೊಂಡು ಬರೆದದ್ದಲ್ಲ, ಬರುವ ಮೊದಲೇ ಬರೆದದ್ದು ಎಂಬುದು ಇಲ್ಲಿ ಮುಖ್ಯ. ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ, ಅಂದರೆ ಶೇಕಡಾ 72ರಷ್ಟು ಸಲ ಅವರ ಊಹೆ ನಿಜವಾಯಿತು. ಅವರು ಗುರುತಿಸಿದ ಲಕ್ಷಣಗಳಲ್ಲಿ ಮೊದಲನೆಯದು ಆಯಾಸ, ಎರಡನೆಯದು ಗಮನ ನಿಲ್ಲದಿರುವುದು. ಕುತ್ತಿಗೆಯ ಬಿಗಿತಕ್ಕೆ ಅದರ ನಂತರದ ಸ್ಥಾನ.

ಈ ಹೊತ್ತಿನಲ್ಲಿ ಮಿದುಳಿನೊಳಗೆ ಏನಾಗುತ್ತಿರುತ್ತದೆ ಎಂಬುದಕ್ಕೆ ಈಗ ಒಂದು ಮಟ್ಟಿಗೆ ಉತ್ತರವಿದೆ. ಜರ್ಮನಿಯ ಸಂಶೋಧಕರು ಮೈಗ್ರೇನ್ ಇರುವ ಒಬ್ಬರನ್ನು 30 ದಿನಗಳ ಕಾಲ ದಿನವೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಆ ಅವಧಿಯಲ್ಲಿ ತಾನಾಗಿ ಬಂದ ತಲೆನೋವುಗಳ ಹಿಂದು ಮುಂದನ್ನು ನೋಡಿದ್ದನ್ನು 2016ರಲ್ಲಿ ಪ್ರಕಟಿಸಿದರು. ನೋವು ಶುರುವಾಗುವ ಮುಂಚಿನ 24 ಗಂಟೆಗಳಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ ಚಟುವಟಿಕೆ ಬದಲಾಗಿರುವುದು ಅವರಿಗೆ ಕಾಣಿಸಿತು. ನಿದ್ದೆ, ಹಸಿವು, ಬಾಯಾರಿಕೆ, ಮೈಯ ಬಿಸಿ ಇವೆಲ್ಲವುಗಳ ಮೇಲ್ವಿಚಾರಣೆ ಆ ಭಾಗದ್ದೇ. ಆಕಳಿಕೆಯೂ ಬಾಯಾರಿಕೆಯೂ ಸಿಡುಕೂ ಒಂದೇ ಮೂಟೆಯಲ್ಲಿ ಏಕೆ ಬರುತ್ತವೆ ಎಂಬುದಕ್ಕೆ ನನ್ನ ಮಟ್ಟಿಗೆ ಇದು ಒಪ್ಪುವ ವಿವರಣೆ. ಒಬ್ಬರನ್ನೇ ನೋಡಿ ಹೇಳಿದ್ದಲ್ಲವೇ ಎಂದು ಕೇಳಿದರೆ, ಹೌದು. ಆದರೆ ಮೈಗ್ರೇನನ್ನು ಔಷಧಿಯಿಂದ ಬರಿಸಿ ನೋಡಿದ ಬೇರೆ ಪ್ರಯೋಗಗಳಲ್ಲಿಯೂ ನೋವಿಗೆ ಮುಂಚೆ ಇದೇ ಭಾಗ ಚುರುಕಾಗಿದ್ದು ಕಂಡುಬಂದಿದೆ.

ಇದರಿಂದ ಒಂದು ಹಳೆಯ ನಂಬಿಕೆಯನ್ನೂ ತಿರುಗಿಸಿ ನೋಡಬೇಕಾಗುತ್ತದೆ. ಚಾಕೊಲೇಟ್ ತಿಂದದ್ದಕ್ಕೆ ತಲೆನೋವು ಬಂತು, ಬಿಸಿಲು ನೋಡಿದ್ದಕ್ಕೆ ಬಂತು, ಯಾರ ಜೊತೆಗೋ ಜಗಳವಾಡಿದ್ದಕ್ಕೆ ಬಂತು ಎಂದು ಕಾರಣಗಳ ಪಟ್ಟಿ ಮಾಡುವುದು ನಮ್ಮೆಲ್ಲರ ಅಭ್ಯಾಸ. ಕೆಲವು ಕಾರಣಗಳು ನಿಜವೇ ಇರಬಹುದು. ನಿದ್ದೆಗೆಡುವುದರ ಬಗ್ಗೆ, ಮುಟ್ಟಿನ ಮುಂಚೆ ಈಸ್ಟ್ರೋಜನ್ ಹಾರ್ಮೋನು ಇಳಿಯುವುದರ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಸಿಹಿ ಬೇಕೆನಿಸಿದ್ದೇ ಮುನ್ಸೂಚನೆಯ ಲಕ್ಷಣವಾಗಿದ್ದರೆ, ತಿಂದದ್ದರಿಂದ ನೋವು ಬಂದದ್ದಲ್ಲ, ನೋವು ಹೊರಟಿದ್ದರಿಂದ ತಿಂದದ್ದು. ಬೆಳಕು ಅಥವಾ ಓಟದಿಂದ ತಮಗೆ ಮೈಗ್ರೇನ್ ಬರುತ್ತದೆ ಎಂದು ಖಚಿತವಾಗಿ ಹೇಳುತ್ತಿದ್ದ 27 ಜನರನ್ನು ಡೆನ್ಮಾರ್ಕಿನಲ್ಲಿ ಬೇಕೆಂದೇ ಅದೇ ಬೆಳಕು, ಅದೇ ಓಟಕ್ಕೆ ಒಡ್ಡಿದಾಗ ಆರಾ ಸಹಿತ ಮೈಗ್ರೇನ್ ಬಂದದ್ದು 3 ಜನರಿಗೆ ಮಾತ್ರ. ಜಗಳದ ವಿಷಯದಲ್ಲೂ ಹೀಗೆಯೇ ಇರಬಹುದೇ ಎಂದು ನಾನು ಯೋಚಿಸಲು ಶುರು ಮಾಡಿದ್ದು ಇಲ್ಲಿಂದ. ಜಗಳವಾಡಿದ್ದರಿಂದ ತಲೆನೋವು ಬಂತೋ, ತಲೆನೋವು ಬರುವುದಿದ್ದುದರಿಂದ ಜಗಳವಾಡಿದೆನೋ?

ಓದಿದ ಸಾಲು ನಿಲ್ಲದಿರುವಾಗ

ಮನಸ್ಸಿನ ಮಾತಿಗೆ ಬರುವ ಮೊದಲು ಬುದ್ಧಿಯ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಮೊದಲು ಗೊತ್ತಾದದ್ದು ಅದೇ. ನನ್ನದು ಕರಡು ತಿದ್ದುವ ಕೆಲಸ. ಬೇರೆಯವರು ಬರೆದದ್ದನ್ನು ಸಾಲು ಸಾಲಾಗಿ ಓದುವುದು, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಾಗಿದೆಯೇ ನೋಡುವುದು, ಅಡಿಟಿಪ್ಪಣಿಯ ಸಂಖ್ಯೆ ಮೇಲಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸುವುದು. ಒಂದು ಮಧ್ಯಾಹ್ನ ಉದ್ದನೆಯ ಸಂಶೋಧನಾ ಬರಹವೊಂದರ ಮುಂದೆ ಕೂತಿದ್ದೆ. ಅಕ್ಷರಗಳು ನಿಚ್ಚಳವಾಗಿ ಕಾಣುತ್ತಿದ್ದವು, ಒಂದೊಂದು ಪದವೂ ತಿಳಿಯುತ್ತಿತ್ತು. ಆದರೆ ನಮ್ಮ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲವೇ, ನಾನು ಅಲ್ಲಿಗೆ ತಲುಪುವ ಹೊತ್ತಿಗೆ ವಾಕ್ಯ ಯಾರ ಬಗ್ಗೆ ಶುರುವಾಗಿತ್ತು ಎಂಬುದೇ ಕೈಬಿಟ್ಟುಹೋಗಿರುತ್ತಿತ್ತು. ಮತ್ತೆ ಮೊದಲಿಂದ ಓದುವುದು, ಮತ್ತೆ ಕೊನೆಗೆ ಬರುವಷ್ಟರಲ್ಲಿ ಕಳೆದುಕೊಳ್ಳುವುದು. ಬೆರಳಿಟ್ಟು ಓದಿದೆ, ಗಟ್ಟಿಯಾಗಿ ಓದಿದೆ. ಅಷ್ಟರಲ್ಲಿ ಪ್ರಕಾಶಕರ ಕಡೆಯಿಂದ ಫೋನ್ ಬಂತು. ಯಾವ ಭಾಗ ಬಾಕಿಯಿದೆ ಎಂದು ಕೇಳಿದರು. ಅನುಕ್ರಮಣಿಕೆ ಎಂದು ಹೇಳಬೇಕಿತ್ತು. ದಿನವೂ ಬಳಸುವ ಆ ಪದ ಬಾಯಿಗೆ ಬರಲಿಲ್ಲ. ಕೊನೆಯಲ್ಲಿ ಬರುತ್ತದಲ್ಲ, ಪದಗಳೂ ಪುಟಗಳೂ ಇರುವ ಪಟ್ಟಿ, ಅದು, ಎಂದು ತಡವರಿಸಿದೆ. ಆ ಕಡೆಯವರು ನಕ್ಕು ತಾವೇ ಪದವನ್ನು ಹೇಳಿದರು. ರಾತ್ರಿ ಒಂಬತ್ತರ ಸುಮಾರಿಗೆ ನೋವು ಬಂತು.

ಮೈಗ್ರೇನ್ ನಡೆಯುತ್ತಿರುವಾಗ ಪರೀಕ್ಷಿಸಿದರೆ ಗಮನ, ಗ್ರಹಿಸುವ ವೇಗ, ಒಂದು ಸಂಗತಿಯನ್ನು ತಲೆಯಲ್ಲಿ ಹಿಡಿದುಕೊಂಡೇ ಇನ್ನೊಂದನ್ನು ಮಾಡುವ ಸಾಮರ್ಥ್ಯ ಇವು ಅಳತೆಗೆ ಸಿಗುವಷ್ಟು ಕುಂದುತ್ತವೆ, ನಂತರ ಚೇತರಿಸಿಕೊಳ್ಳುತ್ತವೆ. ಇಂಥ ಮಧ್ಯಾಹ್ನಗಳು ಹೆಚ್ಚಾದಾಗ ನನಗೆ ಮರೆಗುಳಿತನದ ಕಾಯಿಲೆಯೇ ಶುರುವಾಯಿತೇನೋ ಎಂಬ ಭಯ ಹುಟ್ಟಿತ್ತು. ಈ ಭಯ ಅನೇಕರಿಗೆ ಇರುತ್ತದೆ, ಹೇಳಿಕೊಳ್ಳುವವರು ಕಡಿಮೆ. ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಮೈಗ್ರೇನ್ ಇರುವವರ ಬುದ್ಧಿಶಕ್ತಿ ಉಳಿದವರದಕ್ಕಿಂತ ಬೇಗ ಕುಸಿದದ್ದು ಕಂಡುಬಂದಿಲ್ಲ ಎಂದು ಓದಿದ ಮೇಲೆ ಸ್ವಲ್ಪ ನಿರಾಳವಾದೆ. ಆರಾ ಇರುವವರ ಕಥೆ ಇನ್ನೊಂದು ಬಗೆಯದು. ಕಾರ್ಲ್ ಲ್ಯಾಶ್ಲಿ ಎಂಬ ಮನೋವಿಜ್ಞಾನಿ ತನ್ನದೇ ಕಣ್ಣಿನಲ್ಲಿ ಹರಡುತ್ತಿದ್ದ ಅಂಕುಡೊಂಕಿನ ಮಿನುಗನ್ನು ಹಾಳೆಯ ಮೇಲೆ ಗುರುತು ಮಾಡಿಕೊಂಡು, ಅದಕ್ಕೆ ಕಾರಣವಾದದ್ದು ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದ. ಮೂರು ವರ್ಷಗಳ ನಂತರ, 1944ರಲ್ಲಿ, ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವೊ ಮೊಲಗಳ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ, ನರಕೋಶಗಳನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸುತ್ತ ಸಾಗುವ ಅಲೆಯನ್ನು ಕಂಡ. ಆ ಅಲೆ ಭಾಷೆಯ ಪ್ರದೇಶವನ್ನು ಹಾದರೆ ಮಾತೇ ತಪ್ಪುತ್ತದೆ. ಆರಾ ನಿಧಾನವಾಗಿ ಹರಡುತ್ತದೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತದೆ. ಮಾತು ಒಮ್ಮೆಗೇ ನಿಂತುಹೋದರೆ ಅಥವಾ ಜೀವನದಲ್ಲೇ ಮೊದಲ ಸಲ ಹಾಗಾದರೆ ಅದನ್ನು ಮೈಗ್ರೇನ್ ಎಂದು ಸುಮ್ಮನಿರದೆ, ಪಾರ್ಶ್ವವಾಯು ಅಲ್ಲವೆಂದು ಖಚಿತಪಡಿಸಿಕೊಳ್ಳಲು ತಕ್ಷಣ ಆಸ್ಪತ್ರೆಗೆ ಹೋಗಬೇಕು. ನನಗೆ ಆರಾ ಇಲ್ಲ. ನನ್ನ ಪದಗಳು ಮಾಯವಾಗುವುದು ಸದ್ದಿಲ್ಲದೆ.

ಅಣ್ಣ ಹೇಳಿದ್ದು

ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ರಾತ್ರಿ ಯಾರಾದರೂ ಜೊತೆಗೆ ಮಲಗಬೇಕಿತ್ತು. ಹೇಗೋ ಏನೋ, ಯಾರೂ ಕೂತು ತೀರ್ಮಾನಿಸದೆಯೇ ಆ ಕೆಲಸ ನನ್ನದಾಗಿತ್ತು. ಅಣ್ಣ ಸಂಜೆ ಬರುತ್ತಿದ್ದ, ಅಮ್ಮನ ಪಕ್ಕ ಅರ್ಧ ಗಂಟೆ ಕೂರುತ್ತಿದ್ದ, ಔಷಧಿಗಳ ಪಟ್ಟಿ ನೋಡುತ್ತಿದ್ದ, ಹೊರಡುತ್ತಿದ್ದ. ಒಂದು ಸಂಜೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ನಾನು ಬಾಗಿಲಲ್ಲಿ ನಿಂತು ಮಾತು ತೆಗೆದೆ. ನೀನು ಬಂದು ಹೋಗುವವನು, ಇರುವವಳು ನಾನು. ರಾತ್ರಿ ಮೂರು ಸಲ ಏಳುವುದು ಎಂದರೇನೆಂದು ನಿನಗೆ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆಯೂ ನಿನಗಿಲ್ಲ, ನನ್ನ ಕೆಲಸ ಕೆಲಸವೇ ಅಲ್ಲವೆಂದು ನೀನು ಮೊದಲಿನಿಂದಲೂ ತಿಳಿದಿದ್ದೀಯೆ. ದನಿ ಏರಿತ್ತು. ಅವನು ನನ್ನ ಮುಖವನ್ನು ಕ್ಷಣ ನೋಡಿದ. ನಾನು ಎಡಗೈಯಿಂದ ಕುತ್ತಿಗೆಯನ್ನು ಒತ್ತಿಕೊಳ್ಳುತ್ತಿದ್ದೆ, ಮಾತಿನ ನಡುವೆ ಆಕಳಿಸಿಯೂ ಇದ್ದೆನಂತೆ. "ನಿನಗೆ ತಲೆನೋವು ಬರುವ ಹಾಗಿದೆ. ಮಾತ್ರೆ ತಗೊಂಡು ಮಲಗು, ಆಮೇಲೆ ಮಾತಾಡೋಣ" ಎಂದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಚಿಕ್ಕಂದಿನಿಂದ ನನ್ನ ತಲೆನೋವನ್ನು ನೋಡಿದವನು, ನನಗಿಂತ ಮೊದಲೇ ಅವನಿಗೆ ತಿಳಿದಿತ್ತು. ವ್ಯಂಗ್ಯವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಅಕ್ಕರೆಗೆ ಏನೆಂದು ಉತ್ತರ ಕೊಡುವುದು?

ಬೆಳಗಿನ ಜಾವಕ್ಕೆ ನೋವು ಬಂದೇ ಬಂತು. ಅವನ ಮಾತು ನಿಜವಾಗಿತ್ತು. ಹೇಗಿದೆ ತಲೆ ಎಂದು ಸಂದೇಶ ಕಳಿಸಿದ. ಅದರೊಂದಿಗೆ ಹಿಂದಿನ ಸಂಜೆಯ ವಿಷಯ ಮುಗಿದಂತಾಯಿತು. ಮುಗಿಸಿದವನು ಅವನೊಬ್ಬನೇ ಅಲ್ಲ, ನಾನೂ ಹೌದು. ತಲೆನೋವಿನ ಹಿಂದಿನ ದಿನ ಆಡಿದ ಮಾತಿಗೆ ಬೆಲೆ ಇಲ್ಲ ಎಂಬ ನಿಯಮವನ್ನು ನಾನೇ ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದೆ. ವಾರ ಕಳೆದು ತಲೆ ಪೂರ್ತಿ ತಿಳಿಯಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಯಾವ ರಾತ್ರಿ ಯಾರು ಇದ್ದರು, ಔಷಧಿ ತಂದವರು ಯಾರು, ವೈದ್ಯರ ಬಳಿ ಕರೆದೊಯ್ದವರು ಯಾರು ಎಂದು ಬರೆದೆ. ಆ ಸಂಜೆ ಹೇಳಿದ್ದರಲ್ಲಿ ಲೆಕ್ಕದ ಭಾಗ ಒಂದಿಷ್ಟೂ ತಪ್ಪಿರಲಿಲ್ಲ. ಸಿಟ್ಟಿಲ್ಲದೆ ನೋಡಿದರೂ ರಾತ್ರಿಗಳೆಲ್ಲ ನನ್ನವೇ ಆಗಿದ್ದವು. ಅವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ವಾರದಲ್ಲಿ ಎರಡು ರಾತ್ರಿ ತಾನು ಬರುವುದಾಗಿ ಹೇಳಿದ, ಬಂದ ಕೂಡ. ನನ್ನ ಕೆಲಸವನ್ನು ಅವನು ಕೆಲಸವೆಂದೇ ಎಣಿಸುವುದಿಲ್ಲ ಎಂಬ ಆರೋಪ ಮಾತ್ರ ಆ ಹಾಳೆಯಲ್ಲಿ ಎಲ್ಲಿಯೂ ಕೂರಲಿಲ್ಲ. ಅದಕ್ಕೆ ನನ್ನ ಬಳಿ ಆಧಾರವೇ ಇರಲಿಲ್ಲ.

ಆಮೇಲೆ ಬಹಳ ಸಲ ಇದನ್ನೇ ಗಮನಿಸಿದ್ದೇನೆ. ಮುನ್ಸೂಚನೆಯ ದಿನ ನನಗೆ ಬರುವ ಸಿಟ್ಟು ಶೂನ್ಯದಿಂದ ಹುಟ್ಟುವುದಿಲ್ಲ. ಇರುವ ಸಂಗತಿಯದೇ ದನಿ ರೇಡಿಯೋ ತಿರುಪು ತಿರುಗಿಸಿದಂತೆ ದೊಡ್ಡದಾಗುತ್ತದೆ. ಯಾರು ಏನು ಮಾಡಿದರು ಎಂಬುದರಲ್ಲಿ ನಾನು ಎಡವುವುದು ಅಪರೂಪ. ಏಕೆ ಮಾಡಿದರು ಎಂಬ ನನ್ನ ಊಹೆಯನ್ನು ಮಾತ್ರ ಆ ದಿನ ನಂಬುವಂತಿಲ್ಲ. ಸರಿ, ನೋಡೋಣ ಎಂದು ಸಂಪಾದಕರೊಬ್ಬರು ಬರೆದ ಉತ್ತರದಲ್ಲಿ ಆ ದಿನ ತಿರಸ್ಕಾರ ಕಾಣುತ್ತದೆ, ಮೂರು ದಿನ ಬಿಟ್ಟು ಓದಿದರೆ ಸರಿ, ನೋಡೋಣ ಎಂದಷ್ಟೇ ಇರುತ್ತದೆ. ಇದಕ್ಕೆ ವೈದ್ಯಶಾಸ್ತ್ರದ ಮುದ್ರೆ ಏನೂ ಇಲ್ಲ, ನನ್ನೊಬ್ಬಳ ಅನುಭವದ ಮಾತು. ಆದರೂ ಆ ದಿನದ ಮಾತನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಇದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಮೈಗ್ರೇನ್ ಇರುವವರಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಹೆಂಗಸಿನ ಸಿಟ್ಟಿಗೆ ಅವಳ ಮೈಯಲ್ಲೇ ಕಾರಣ ಹುಡುಕುವ ಅಭ್ಯಾಸ ಜಗತ್ತಿಗೆ ಮೊದಲೇ ಇದೆ. ಅದಕ್ಕೆ ಇನ್ನೊಂದು ಒಳ್ಳೆಯ ನೆಪವನ್ನು ನಾವಾಗಿಯೇ ಒದಗಿಸಬೇಕಿಲ್ಲ.

ನೋವಿಲ್ಲದ ದಿನಗಳ ಪಾಲು

ಸ್ವಭಾವಕ್ಕೂ ಮೈಗ್ರೇನಿಗೂ ಗಂಟು ಹಾಕುವ ಚಾಳಿ ಹಳೆಯದು. ಕಳೆದ ಶತಮಾನದ 30ರ ದಶಕದಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ವುಲ್ಫ್ ಎಂಬ ಪ್ರಖ್ಯಾತ ವೈದ್ಯ ಮೈಗ್ರೇನ್ ಇರುವವರು ಮಹತ್ವಾಕಾಂಕ್ಷಿಗಳು, ಎಲ್ಲವೂ ಅಚ್ಚುಕಟ್ಟಾಗಿರಬೇಕೆನ್ನುವವರು, ಬಗ್ಗದವರು ಎಂದು ವರ್ಣಿಸಿದ್ದ. ರಕ್ತನಾಳಗಳು ಹಿಗ್ಗುವುದರಿಂದ ನೋವು ಬರುತ್ತದೆ ಎಂಬ, ಬಹುಕಾಲ ನಡೆದ ವಾದಕ್ಕೂ ಬಲ ತಂದವನು ಅವನೇ. ಸ್ವತಃ ಅವನಿಗೂ ಮೈಗ್ರೇನ್ ಇತ್ತು, ಸ್ವಭಾವವೂ ಹಾಗೆಯೇ ಇತ್ತು ಎನ್ನುತ್ತಾರೆ. ಕನ್ನಡಿ ನೋಡಿಕೊಂಡು ಬರೆದನೋ ಏನೋ. ಆ ವ್ಯಕ್ತಿತ್ವದ ಸಿದ್ಧಾಂತವನ್ನು ಈಗ ಯಾರೂ ಒಪ್ಪುವುದಿಲ್ಲ, ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗಿರುವ ಕಾಯಿಲೆಗೆ ಒಂದೇ ಸ್ವಭಾವವನ್ನು ಅಂಟಿಸುವುದು ಸಾಧ್ಯವೂ ಅಲ್ಲ. ಆದರೆ ನೀನು ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುತ್ತೀಯೆ, ಅದಕ್ಕೇ ತಲೆ ನೋಯುತ್ತದೆ ಎಂಬ ಮಾತನ್ನು ಕೇಳದ ಮೈಗ್ರೇನ್ ರೋಗಿಯನ್ನು ನಾನಿನ್ನೂ ಕಂಡಿಲ್ಲ.

ಸ್ವಭಾವದ ಮಾತು ಬಿಟ್ಟು ಮಿದುಳಿನ ವರ್ತನೆಯನ್ನು ನೋಡಿದರೆ ಕುತೂಹಲದ ಸಂಗತಿ ಸಿಗುತ್ತದೆ. ಕಪ್ಪು ಬಿಳುಪಿನ ಚೌಕಗಳು ಅದಲು ಬದಲಾಗುವ ಪರದೆಯನ್ನು ಎಡೆಬಿಡದೆ ತೋರಿಸಿದರೆ ಸಾಮಾನ್ಯ ಮಿದುಳಿನ ಪ್ರತಿಕ್ರಿಯೆ ಬರಬರುತ್ತಾ ಇಳಿಯುತ್ತದೆ; ಇದು ಗೊತ್ತಿರುವುದೇ, ಬಿಡು ಎನ್ನುತ್ತದೆ. ಮೈಗ್ರೇನ್ ಇರುವವರ ಮಿದುಳು, ನೋವಿಲ್ಲದ ದಿನಗಳಲ್ಲಿ, ಹಾಗೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ ಎಂದು ಬೆಲ್ಜಿಯಮ್ಮಿನ ಜಾನ್ ಶೋನೆನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಬೇರೆ ಪ್ರಯೋಗಾಲಯಗಳಲ್ಲಿ ಎಲ್ಲ ಸಲವೂ ಇದೇ ಫಲ ಬಂದಿಲ್ಲವಾದರೂ, ನನ್ನ ದಿನಚರಿಗೆ ಇದು ಹತ್ತಿರವಾಗಿದೆ. ಪಕ್ಕದ ಕೋಣೆಯ ಫ್ಯಾನಿನ ಕಿರಗುಟ್ಟುವಿಕೆ ಉಳಿದವರಿಗೆ ಐದು ನಿಮಿಷದಲ್ಲಿ ಕೇಳಿಸುವುದು ನಿಂತುಹೋಗುತ್ತದೆ, ನನಗೆ ಸಂಜೆಯವರೆಗೂ ಕೇಳಿಸುತ್ತಿರುತ್ತದೆ. ದಿನವಿಡೀ ಎಲ್ಲವನ್ನೂ ಹೊಸದೆಂಬಂತೆ ಕೇಳುತ್ತ, ನೋಡುತ್ತ ಇರುವುದರಿಂದ ಆಗುವ ದಣಿವನ್ನು ತಲೆನೋವಿನ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ.

ಇದರ ಜೊತೆಗೆ ಅಂಜಿಕೆಯೊಂದು ಇರುತ್ತದೆ. ಮುಂದಿನ ವಾರದ ಮದುವೆಗೆ ಬರುತ್ತೇನೆ ಎಂದು ಹೇಳುವಾಗ, ಕೆಲಸಕ್ಕೆ ಗಡುವು ಒಪ್ಪಿಕೊಳ್ಳುವಾಗ, ರೈಲಿನ ಟಿಕೆಟ್ ತೆಗೆಸುವಾಗ, ಆ ದಿನ ತಲೆನೋವು ಬಂದರೆ ಎಂಬ ವಾಕ್ಯ ಒಳಗೊಳಗೇ ಓಡುತ್ತಿರುತ್ತದೆ. ಮಾತು ಕೊಡುವುದನ್ನೇ ಕ್ರಮೇಣ ಕಡಿಮೆ ಮಾಡುತ್ತೇವೆ, ಕರೆಯುವವರೂ ಕರೆಯುವುದನ್ನು ಕಡಿಮೆ ಮಾಡುತ್ತಾರೆ. ಮೈಗ್ರೇನ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ 2ರಿಂದ 4 ಪಟ್ಟು ಹೆಚ್ಚು ಎಂಬ ಅಂಕಿಯನ್ನು ಮೊದಲು ಓದಿದಾಗ, ಇಷ್ಟು ನೋವಿದ್ದರೆ ಖಿನ್ನತೆ ಬರದೆ ಇನ್ನೇನು ಎಂದುಕೊಂಡಿದ್ದೆ. ಸಂಗತಿ ಅಷ್ಟು ಸರಳವಲ್ಲ. ಮೈಗ್ರೇನ್ ಇರುವವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚಿರುವಂತೆಯೇ, ಖಿನ್ನತೆ ಇರುವವರಿಗೆ ಮುಂದೆ ಮೈಗ್ರೇನ್ ಬರುವ ಸಾಧ್ಯತೆಯೂ ಹೆಚ್ಚು. ಮೈಗ್ರೇನ್ ಅಲ್ಲದ ತೀವ್ರ ತಲೆನೋವುಗಳಲ್ಲಿ ಈ ಎರಡನೆಯ ದಾರಿ ಕಂಡುಬಂದಿಲ್ಲ. ನೋವಿನಿಂದ ಬೇಸತ್ತು ಬಂದದ್ದಷ್ಟೇ ಆಗಿದ್ದರೆ ಹೀಗಾಗಬೇಕಿರಲಿಲ್ಲ. ಎರಡಕ್ಕೂ ಬೇರು ಎಲ್ಲೋ ಕೂಡಿಕೊಂಡಿರಬೇಕು. ಹಾಗಾಗಿ ಬೇಸರ ವಾರಗಟ್ಟಲೆ ಇಳಿಯದೆ ನಿಂತಾಗ, ತಲೆನೋವು ಹತೋಟಿಗೆ ಬಂದರೆ ಇದೂ ತಾನಾಗಿ ಹೋಗುತ್ತದೆ ಎಂದು ಕಾಯುತ್ತ ಕೂರುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಅದಾಗಿಯೇ ವೈದ್ಯರಿಗೆ ಹೇಳಬೇಕು.

ನೋವು ಹೋದ ಮರುದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ತಲೆ ಹಗುರಾಗಿರುತ್ತದೆ, ಖಾಲಿಯಾಗಿಯೂ ಇರುತ್ತದೆ. ಬಗ್ಗಿದರೆ, ಕೆಮ್ಮಿದರೆ ಹಳೆಯ ನೋವಿನ ಜಾಗ ಒಮ್ಮೆ ಜುಂ ಎನ್ನುತ್ತದೆ. ಅಂದು ನಾನು ಕರಡು ಮುಟ್ಟುವುದಿಲ್ಲ, ಕಡತಗಳಿಗೆ ಹೆಸರು ಹಾಕಿ ಜೋಡಿಸಿಡುವಂಥ ಕೆಲಸ ಮಾಡುತ್ತೇನೆ.

ಮಾತ್ರೆಗಳ ಲೆಕ್ಕ

ಮನಸ್ಸಿನ ಏರಿಳಿತಕ್ಕೆ ಕಾಯಿಲೆಯಷ್ಟೇ ಅಲ್ಲದೆ ಔಷಧಿಯೂ ಪಾಲುದಾರನಾಗಿರಬಹುದು ಎಂಬುದು ನನಗೆ ತಡವಾಗಿ ತಿಳಿಯಿತು. ಮೈಗ್ರೇನ್ ಬರದಂತೆ ದಿನವೂ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಹೆಚ್ಚಿನವು ಬೇರಾವುದೋ ಕಾಯಿಲೆಗೆ ಬಂದವು. ಪ್ರೊಪ್ರನೊಲೊಲ್ ಹೃದಯದ್ದು, ಟೋಪಿರಮೇಟ್ ಅಪಸ್ಮಾರದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದ್ದು. ಟೋಪಿರಮೇಟ್ ಕೆಲವರಿಗೆ ಪದಗಳನ್ನು ಮರೆಸುತ್ತದೆ, ಯೋಚನೆಯನ್ನು ನಿಧಾನಿಸುತ್ತದೆ. ಫ್ಲುನಾರಿಜಿನ್ ತೂಕಡಿಕೆಯನ್ನೂ ಮೈತೂಕವನ್ನೂ ಹೆಚ್ಚಿಸಬಹುದು, ಕೆಲವರಲ್ಲಿ ಖಿನ್ನತೆಯನ್ನೇ ತರಬಹುದು. ಹಿಂದೆ ಖಿನ್ನತೆ ಬಂದಿದ್ದವರಿಗೆ ಅದನ್ನು ಕೊಡುವುದಿಲ್ಲ. ನೋವು ಬಂದಾಗ ನುಂಗುವ ಮಾತ್ರೆಗಳಿಗೂ ಮಿತಿಯಿದೆ: ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಎಂಬ ಬಗೆಯ ಮಾತ್ರೆಗಳನ್ನು ತಿಂಗಳಿಗೆ 10 ದಿನ, ಸಾಮಾನ್ಯ ನೋವಿನ ಮಾತ್ರೆಗಳನ್ನು 15 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಬೆಳೆಯುತ್ತದೆ.

ನಾನು ಒಂದು ಕಾಲಕ್ಕೆ ಫ್ಲುನಾರಿಜಿನ್ ತೆಗೆದುಕೊಳ್ಳುತ್ತಿದ್ದೆ. ತಲೆನೋವು ಕಡಿಮೆಯಾಗಿತ್ತು, ಆದ್ದರಿಂದ ವೈದ್ಯರ ಪ್ರಶ್ನೆಗಳಿಗೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದೆ. ನೋವಿನ ಡೈರಿಯಲ್ಲಿ ದಿನಾಂಕ, ತೀವ್ರತೆ, ಮಾತ್ರೆ ಎಂಬ ಮೂರೇ ಅಂಕಣಗಳಿದ್ದವು. ಅಮ್ಮನ ರಾತ್ರಿಗಳ ಲೆಕ್ಕ ಬರೆದ ಮೇಲೆ ಆ ಡೈರಿಗೆ ಇನ್ನೆರಡು ಅಂಕಣಗಳನ್ನು ಎಳೆದುಕೊಂಡೆ: ಇವತ್ತು ಮನಸ್ಸು ಹೇಗಿದೆ, ಇವತ್ತು ಓದು ಹೇಗೆ ಸಾಗಿತು. ನೋವಿರಲಿ ಬಿಡಲಿ, ದಿನವೂ ಒಂದೊಂದು ಪದ. ತಿಂಗಳುಗಳು ಕಳೆದ ಮೇಲೆ ನೋಡಿದರೆ, ನೋವಿನ ಹಿಂದಿನ ದಿನ ಸಿಡುಕು ಎಂದು ಬರೆದದ್ದು ನಿರೀಕ್ಷಿಸಿದಂತೆಯೇ ಇತ್ತು. ಅದರಾಚೆಗೆ, ತಲೆನೋವಿನ ಹತ್ತಿರ ಸುಳಿಯದ ದಿನಗಳಲ್ಲೂ ಮಂಕು, ಮಂಕು, ಮಂಕು ಎಂದು ಪುಟ ತುಂಬಿತ್ತು. ಹೊಸ ವೈದ್ಯರು ಆ ಪುಟಗಳ ಮೇಲೆ ಬೆರಳಾಡಿಸಿ, ಮಾತ್ರೆ ಶುರುವಾದ ತಿಂಗಳು ಯಾವುದು ಎಂದು ಕೇಳಿದರು. ಅವರ ಉಸ್ತುವಾರಿಯಲ್ಲಿ ಅದನ್ನು ನಿಲ್ಲಿಸಿ ಬೇರೆಯದಕ್ಕೆ ಬಂದ ಕೆಲವು ವಾರಗಳ ಮೇಲೆ ಎಲ್ಲ ದಿನಗಳ ಆ ಮಂಕು ತೆಳುವಾಯಿತು. ಹಿಂದಿನ ದಿನದ ಸಿಡುಕು ಎಳ್ಳಷ್ಟೂ ಬದಲಾಗಲಿಲ್ಲ. ಎರಡೂ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆ ಹಿಂದಿನ ದಿನಕ್ಕೆ ಔಷಧಿ ಕೊಡುವ ಪ್ರಯತ್ನವೂ ಈಗ ನಡೆದಿದೆ. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಮ್ಮ ಮುನ್ಸೂಚನೆಯನ್ನು ನೆಚ್ಚಿಕೆಯಿಂದ ಗುರುತಿಸಬಲ್ಲವರಿಗೆ ನೋವು ಶುರುವಾಗುವ ಮೊದಲೇ, ಆಕಳಿಕೆಯೋ ಕುತ್ತಿಗೆಯ ಬಿಗಿತವೋ ಕಂಡಾಗಲೇ, ಉಬ್ರೊಜೆಪಂಟ್ ಎಂಬ ಮಾತ್ರೆ ನುಂಗಿಸಿದರು. ಮೈಗ್ರೇನಿನಲ್ಲಿ ನರಗಳಿಂದ ಹೊರಬೀಳುವ ಸಿಜಿಆರ್‌ಪಿ ಎಂಬ ಪದಾರ್ಥವನ್ನು ತಡೆಯುವ ಮಾತ್ರೆ ಅದು. ಮುಂದಿನ 24 ಗಂಟೆಗಳಲ್ಲಿ ಮಧ್ಯಮ ಅಥವಾ ತೀವ್ರ ನೋವು ಬರದೇ ಉಳಿದದ್ದು ಮಾತ್ರೆ ನುಂಗಿದ ಶೇಕಡಾ 46ರಷ್ಟು ಸಲ, ಹುಸಿಮಾತ್ರೆ ನುಂಗಿದ ಶೇಕಡಾ 29ರಷ್ಟು ಸಲ. ಅರ್ಧಕ್ಕಿಂತ ಹೆಚ್ಚು ಸಲ ನೋವು ಬಂದೇ ಬಂತು ಎಂದು ಇದನ್ನು ಓದಬಹುದು, ನಾನೂ ಮೊದಲು ಹಾಗೆಯೇ ಓದಿದೆ. ಆದರೆ ಇಲ್ಲಿ ರೋಗಿಯ ಆ ದಿನದ ಅಳುಕನ್ನು ವೈದ್ಯರು ಮಾಹಿತಿಯೆಂದು ತೆಗೆದುಕೊಂಡಿದ್ದಾರೆ, ಅದರ ಮೇಲೆ ಮಾತ್ರೆಯ ಸಮಯವನ್ನು ನಿರ್ಧರಿಸಿದ್ದಾರೆ. ಮುಂದಿನ ಭೇಟಿಗೆ ಡೈರಿಯ ಕೊನೆಯ ಎರಡು ಅಂಕಣಗಳನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಒಯ್ಯುತ್ತಿದ್ದೇನೆ. ಇಂಥ ಮಾತ್ರೆ ನನಗೆ ಹೊಂದುತ್ತದೆಯೇ ಎಂದೂ, ನೋವು ತಪ್ಪಿದ ಸಲ ಅದರ ಹಿಂದಿನ ಸಿಡುಕು ಏನಾಗುತ್ತದೆ ಎಂದೂ ಕೇಳುವುದಿದೆ.